ಆಚಾರ್ರ ಕೈಗೆ ಮರದ ತುಂಡು ಕೊಟ್ಟ ಮೇಲೆ

ನಮ್ಮ ಮನೆಯ ಹಳೇ ಮಂಚದ ಕಾಲು ಅಲ್ಲಾಡುತ್ತಿತ್ತು. ಅದನ್ನು ಬಿಚ್ಚಿದಾಗ ಶುರುವಾಗಿದ್ದು ಇದೆಲ್ಲ. ಕಾಲುಗಳ ಒಳಬದಿಯಲ್ಲಿ ಉಳಿಯಿಂದ ಹೊಡೆದ ಗೀರುಗಳು, ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ಪಟ್ಟಿಗಳ ತುದಿಯಲ್ಲೂ ಅಷ್ಟಷ್ಟೇ ಗೀರು. ಯಾವುದಕ್ಕೆ ಯಾವುದು ಕೂರಬೇಕು ಅಂತ ಗುರುತು! ಒಂದೂ ಮೊಳೆ ಇಲ್ಲ. ಮಾಡಿದವರು ಯಾರು ಅಂದರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಸಾಗರದ ಕಡೆಯ ನಮ್ಮೂರಲ್ಲಿ ಹಳೇ ಮರಗೆಲಸ ಬಲ್ಲ ಆಚಾರ್ರು ಈಗ ಇಬ್ಬರೇ. ಮಾತು ರೆಕಾರ್ಡ್ ಮಾಡಿಕೊಳ್ಳೋಣ ಅಂತ ಫೋನ್ ಹಿಡಿದು ಒಬ್ಬರ ಹತ್ತಿರ ಹೋಗಿ "ಹಳೇ ಕಾಲದ್ದು ಏನಾದ್ರೂ ಹೇಳಿ ಆಚಾರ್ರೇ" ಅಂದೆ. "ಏನು ಹೇಳೋದು ಮಾರಾಯ, ಕೆಲಸ ಮಾಡಿದ್ವಿ ಅಷ್ಟೇ" ಅಂದರು. ರೆಕಾರ್ಡಿಂಗಿನಲ್ಲಿ ಮಾತಿಗಿಂತ ಫ್ಯಾನಿನ ಸದ್ದೇ ಜಾಸ್ತಿ.

ಮುಂದಿನ ಸಲ ಚೀಲದಲ್ಲಿ ಮರದ ತುಂಡು ಹಾಕಿಕೊಂಡು ಹೋದೆ. ಹಲಸು, ಮತ್ತಿ, ನಂದಿ, ಮುರಿದ ಪೆಟ್ಟಿಗೆಯ ಬೀಟೆ ಮುಚ್ಚಳ (ಬೀಟೆ ಮರವನ್ನು ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ, 2017ರಿಂದ ಹೊರದೇಶದ ವ್ಯಾಪಾರಕ್ಕೂ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡು ಇದೆ). ಆಚಾರ್ರು ಮೂಸಿದರು, ಉಗುರಲ್ಲಿ ಕೆರೆದರು, ಆಮೇಲೆ ಮಾತು ನಿಲ್ಲಲೇ ಇಲ್ಲ. ಹಲಸು ಹೊಸದರಲ್ಲಿ ಅರಿಸಿನದ ಬಣ್ಣ, ವರ್ಷ ಹೋದ ಹಾಗೆ ಕಂದು. ಮತ್ತಿ ಸರಿಯಾಗಿ ಒಣಗದಿದ್ದರೆ ಸೀಳುತ್ತದೆ. ಬೀಟೆಗೆ ಉಳಿ ಮಸೆದು ಮಸೆದೇ ಸಾಕಾಗುತ್ತದೆ. ದಿಮ್ಮಿಯನ್ನು ಅಟ್ಟಣೆಗೆ ಏರಿಸಿ ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಗರಗಸ ಎಳೆಯುತ್ತಿದ್ದರಂತೆ, ಕೆಲಸ ಕಲಿಯುವ ಹುಡುಗ ಯಾವಾಗಲೂ ಕೆಳಗೇ, ಕಣ್ಣು ಮೂಗೆಲ್ಲ ಹುಡಿ ತುಂಬಿಸಿಕೊಂಡು.

ಒಂದು ಎಡವಟ್ಟು ಮಾಡಿದೆ. ಮರದ ಹೆಸರು ಮಾತ್ರ ಬರೆದುಕೊಳ್ಳುತ್ತಿದ್ದೆ. ಆಚಾರ್ರ ಹೊನ್ನೆ ಅಂದರೆ ಕಡಿದಾಗ ರಕ್ತದ ಹಾಗೆ ಕೆಂಪು ಅಂಟು ಬರುವ ಮರ, ಕರಾವಳಿಯ ನಮ್ಮ ಮಾವನ ಹೊನ್ನೆ ಅಂದರೆ ದೀಪದ ಎಣ್ಣೆ ಕೊಡುವ ಸುರಹೊನ್ನೆ. ಎರಡನ್ನೂ ಒಂದೇ ಪುಟದಲ್ಲಿ ಸೇರಿಸಿಬಿಟ್ಟಿದ್ದೆ! ಈಗ ಆಚಾರ್ರ ಜೊತೆ ಮರದ ಬುಡಕ್ಕೇ ಹೋಗುತ್ತೇನೆ. ಎಲೆ ಒಣಗಿಸಿ ನೋಟ್‌ಬುಕ್ಕಿಗೆ ಅಂಟಿಸಿ, ಹೇಳಿದವರ ಊರನ್ನೂ ಪಕ್ಕದಲ್ಲಿ ಬರೆಯುತ್ತೇನೆ.

ಮಂಚದ ಕಾಲನ್ನೂ ತೋರಿಸಿದೆ. ಗೀರಿನ ಮೇಲೆ ಹೆಬ್ಬೆರಳು ಆಡಿಸಿ, "ಓರೆ ಆ ಕಡೆ ಬಿದ್ದಿದೆ ನೋಡು, ಇವರು ಎಡಗೈಯವರು" ಅಂದರು. ಮನೆಗೆ ಬಂದು ಸುಮ್ನೆ ಅಜ್ಜಿಗೆ ಹೇಳಿದೆ. ಎಡಗೈಲಿ ಕೊಡತಿ ಹಿಡಿಯುವವರೊಬ್ಬರು ಒಂದು ಮಳೆಗಾಲವಿಡೀ ನಮ್ಮ ಜಗಲಿಯಲ್ಲೇ ಉಳಿದು ಕೆಲಸ ಮಾಡಿದ್ದರಂತೆ. ಹೆಸರು ಮಾತ್ರ ಅಜ್ಜಿಗೆ ಇನ್ನೂ ನೆನಪಾಗಿಲ್ಲ.