ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಪಾಠ: ನನ್ನ ನಿಮಿಷಗಳ ಲೆಕ್ಕ

ಲ್ಯಾಬ್ ಶುರುವಾಯಿತೆಂದರೆ ಎಲ್ಲರೂ ಕೇಳುವುದು ಎಷ್ಟು ಕಂಪ್ಯೂಟರ್ ಬಂದಿವೆ ಎಂದು. ನಾನು ಹಾಕುವ ಲೆಕ್ಕ ಬೇರೆ: ಒಂದು ಪೀರಿಯಡ್‌ನಲ್ಲಿ ಪ್ರತಿ ಮಗುವಿನ ಕೈ ಎಷ್ಟು ನಿಮಿಷ ಕೀಬೋರ್ಡ್ ಮೇಲಿರುತ್ತದೆ? 40 ಮಕ್ಕಳು, 10 ಕಂಪ್ಯೂಟರ್, 40 ನಿಮಿಷ ಎಂದಿಟ್ಟುಕೊಳ್ಳಿ. ಬಂದು ಕೂತು ಆನ್ ಮಾಡಲು, ಕೊನೆಗೆ ಸೇವ್ ಮಾಡಿ ಆಫ್ ಮಾಡಲು 12 ನಿಮಿಷ ಹೋದರೆ, ಉಳಿದ 28ರಲ್ಲಿ ತಲೆಗೆ ಏಳೇ ನಿಮಿಷ. ಅದರಲ್ಲೂ ಮೌಸ್ ಹಿಡಿದವರು ಬಿಡುವುದಿಲ್ಲ. ಹಿಂಜರಿಯುವ ಮಕ್ಕಳು ವರ್ಷವಿಡೀ ನೋಡುತ್ತಲೇ ಕೂರುತ್ತಾರೆ. ನನಗೆ ಸಂಕಟವಾಗುವುದು ಇದಕ್ಕೇ.

ಹಾಗಾಗಿ ಮೊದಲು ವೇಳಾಪಟ್ಟಿ ಸರಿಪಡಿಸಬೇಕು. ಎರಡು ಪೀರಿಯಡ್ ಒಟ್ಟಿಗೆ ಕೇಳಿ ಪಡೆದು ತರಗತಿಯನ್ನು ಎರಡು ಭಾಗ ಮಾಡುತ್ತೇನೆ. 20 ಮಕ್ಕಳು ಲ್ಯಾಬಿನಲ್ಲಿ, ಕಂಪ್ಯೂಟರಿಗೆ ಇಬ್ಬರಂತೆ. ಉಳಿದವರು ಇನ್ನೊಬ್ಬ ಶಿಕ್ಷಕರ ಜೊತೆ ಹಾಳೆಯ ಮೇಲೆ ಫ್ಲೋಚಾರ್ಟ್ ಬರೆಯುತ್ತಾರೆ. ನಡುವೆ ಅದಲುಬದಲು, ಕಂಪ್ಯೂಟರ್ ಆಫ್ ಮಾಡದೆ. ಜೋಡಿಯಲ್ಲಿ ಒಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಟೈಪ್ ಮಾಡಬೇಕು. ಏಳು ನಿಮಿಷಕ್ಕೊಮ್ಮೆ ಕುರ್ಚಿ ಬದಲು. ತಲೆಗೆ 14 ನಿಮಿಷ ಸಿಗುತ್ತದೆ.

ವೈರಿಂಗ್‌ನಲ್ಲಿ ಎಲ್ಲ ಕಡೆ ಆಗುವ ತಪ್ಪು ಒಂದೇ: ಒಂದು ಸಾಕೆಟ್‌ನಿಂದ ಎಕ್ಸ್‌ಟೆನ್ಶನ್ ಬೋರ್ಡಿಗೆ ಬೋರ್ಡು ಪೋಣಿಸುವುದು. ಮಾನಿಟರ್ ಸೇರಿ ಡೆಸ್ಕ್‌ಟಾಪಿಗೆ 150 ವಾಟ್ ಹಿಡಿದರೂ ಹತ್ತಕ್ಕೆ 1,500 ವಾಟ್. 230 ವೋಲ್ಟಿನ 6 ಆಂಪ್ ಸಾಕೆಟ್ ತಾಳುವುದು 1,380 ವಾಟ್. ಪ್ಲಗ್ ಬಿಸಿಯಾಗಿ ಕರಗಬಹುದು. ಕನಿಷ್ಠ ಎರಡು ಪ್ರತ್ಯೇಕ ಲೈನ್, ಸರಿಯಾದ ಅರ್ಥಿಂಗ್ ಇಲ್ಲದೆ ಮಕ್ಕಳನ್ನು ಒಳಗೆ ಬಿಡಬೇಡಿ.

ಹಳೆಯ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗವಾದ 240 ಜಿಬಿ ಎಸ್‌ಎಸ್‌ಡಿ ಹಾಕಿದರೆ ಆನ್ ಆಗುವ ಸಮಯವೇ ನಿಮಿಷಗಟ್ಟಲೆ ಉಳಿಯುತ್ತದೆ. ರಜೆ ಮುಗಿದ ಮೇಲೆ ಇಂಟರ್ನೆಟ್ ಇದ್ದೂ ಜಾಲತಾಣಗಳು ತೆರೆಯದೆ 'ಸುರಕ್ಷಿತವಲ್ಲ' ಎಂದರೆ ಮೊದಲು ಮೂಲೆಯಲ್ಲಿರುವ ದಿನಾಂಕ ನೋಡಿ. ಹಿಂದಿನ ಯಾವುದೋ ವರ್ಷ ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಸತ್ತಿದೆ. ಆ ಸೆಲ್ ಬದಲಿಸಿ ದಿನಾಂಕ ಸರಿಮಾಡಿದರೆ ಮುಗಿಯಿತು. ಇದಕ್ಕಾಗಿ ವಿಂಡೋಸ್ ಮತ್ತೆ ಹಾಕಬೇಕಿಲ್ಲ.

ಪೆನ್‌ಡ್ರೈವ್ ಒಳಗೆ ಬರುವುದೇ ಬೇಡ, ವೈರಸ್ ಬರುವ ದಾರಿ ಅದು. ಮಕ್ಕಳಿಗೆ ಅಡ್ಮಿನ್ ಅಧಿಕಾರವಿಲ್ಲದ ಖಾತೆ ಕೊಡಿ. ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಬರೆಯಲು ಕಲಿಸುವ ಸ್ಕ್ರ್ಯಾಚ್‌ನ ಆಫ್‌ಲೈನ್ ಆವೃತ್ತಿ ಹಾಕಿಟ್ಟರೆ ನೆಟ್ ಹೋದ ದಿನವೂ ಪಾಠ ನಿಲ್ಲುವುದಿಲ್ಲ.

ಪರೀಕ್ಷೆ ಬರೀ ಹಾಳೆಯ ಮೇಲಿದ್ದರೆ ಮಕ್ಕಳು ಸಿಪಿಯುವಿನ ಭಾಗಗಳನ್ನು ಬಾಯಿಪಾಠ ಮಾಡುತ್ತಾರೆ. ನಾನು ಕೊಡುವುದು ಮೂರು ತಪ್ಪುಗಳಿರುವ ಒಂದು ಸ್ಕ್ರ್ಯಾಚ್ ಫೈಲ್, ಹತ್ತು ನಿಮಿಷ. ತಪ್ಪು ಹುಡುಕಿದ್ದಕ್ಕೆ ಒಂದು ಅಂಕ, ಯಾಕೆ ತಪ್ಪಾಯಿತೆಂದು ಹೇಳಿದ್ದಕ್ಕೆ ಎರಡು.