ರಿಸರ್ಚ್ ಪೇಪರ್ ಹುಡುಕೂದು ಕಲಿಯೋರಿಗೆ ಒಂದ್ ಮಾತು

ನಮ್ಮ ಬೆಳಗಾವಿ ಕಡೆ ನರ್ಸಿಂಗ್ ಓದೋರು, ವಾರ್ಡ್‌ನಾಗ ಡ್ಯೂಟಿ ಮಾಡೋರು ಭಾಳ ಮಂದಿ ಕೇಳ್ತಾರ, ಎವಿಡೆನ್ಸ್, ಅಂದ್ರ ರಿಸರ್ಚಿನ ಆಧಾರ, ಹುಡುಕೂದು ಹೆಂಗ ಅಂತ. ಮೊದ್ಲ ನಿಮ್ಮ ಪ್ರಶ್ನೆನ ಪಿಕೋ (PICO) ಅನ್ನೋ ಪದ್ಧತಿ ಪ್ರಕಾರ ನಾಕು ತುಂಡು ಮಾಡ್ರಿ: ಯಾವ ಪೇಷಂಟ್, ಏನ್ ಮಾಡ್ತೀರಿ, ಯಾವುದರ ಜೋಡಿ ಹೋಲಿಸ್ತೀರಿ, ಕಡೀಕ ಏನ್ ನೋಡ್ತೀರಿ.

ಉದಾಹರಣಿಗೆ ಐವಿ ಕ್ಯಾನುಲಾ (ರಕ್ತನಾಳದಾಗ ಔಷಧ ಕೊಡಾಕ ಹಾಕೋ ಸಣ್ಣ ನಳಿಗೆ) ತಗೋರಿ. ಚೊಲೋ ಇದ್ರೂ ಮೂರ್ನಾಕ್ ದಿನಕ್ಕ ತೆಗದು ಬ್ಯಾರೆ ಹಾಕ್ಬೇಕೋ, ಇಲ್ಲಾ ಬಾವು, ನೋವು, ಕೆಂಪು ಕಂಡಾಗಷ್ಟ ಬದಲಿಸ್ಬೇಕೋ? ಪಬ್‌ಮೆಡ್ ಅಂದ್ರ ವೈದ್ಯಕೀಯ ಪೇಪರ್ ಹುಡುಕೋ ವೆಬ್‌ಸೈಟ್, ಫ್ರೀ ಐತಿ, ಅಲ್ಲಿ ಹುಡುಕಿ ಫಿಲ್ಟರ್‌ನಾಗ ಸಿಸ್ಟಮ್ಯಾಟಿಕ್ ರಿವ್ಯೂ (ಒಂದ ಪ್ರಶ್ನೆ ಮ್ಯಾಲಿನ ಸ್ಟಡಿಗಳನ್ನೆಲ್ಲಾ ಕೂಡಿಸಿ ತೂಗಿ ನೋಡಿದ ಪೇಪರ್) ಒತ್ರಿ. ಕಾಕ್ರೇನ್ ಅನ್ನೋ ಸಂಸ್ಥೆಯ 2019ರ ರಿವ್ಯೂ ಸಿಗ್ತದ, 9 ಟ್ರಯಲ್ (ಪೇಷಂಟ್‌ರನ್ನ ಗುಂಪು ಮಾಡಿ ಎರಡೂ ಪದ್ಧತಿ ಹೋಲಿಸಿದ ಪ್ರಯೋಗ), 7412 ಪೇಷಂಟ್, ಇನ್ಫೆಕ್ಷನ್‌ನಾಗ ಸ್ಪಷ್ಟ ಫರಕ್ ಕಾಣ್ಲಿಲ್ಲ ಅಂತ ಐತಿ. ಅಲ್ಲಿಗೇ ನಿಲ್ಲಬ್ಯಾಡ್ರಿ ಮತ್ತ, 2021ರಾಗ ಜಿನೀವಾದ ಸ್ಟಡಿ ಬಂತು, ರೂಟೀನ್ ಬದಲಿ ಬಿಟ್ಟ ಮ್ಯಾಲ ರಕ್ತದ ಇನ್ಫೆಕ್ಷನ್ ಜಾಸ್ತಿ ಆಗಿದ್ವು. ಅದು ಟ್ರಯಲ್ ಅಲ್ಲ, ಅಬ್ಸರ್ವೇಷನಲ್ ಸ್ಟಡಿ, ಅಂದ್ರ ವಾರ್ಡ್‌ನಾಗ ಆಗಿದ್ದನ್ನ ನೋಡಿ ಲೆಕ್ಕ ಹಾಕಿದ್ದು, ಆದ್ರೂ ತಳ್ಳಿಹಾಕೋ ಹಂಗಿಲ್ಲ, ಯಾಕಂದ್ರ ಇಂಥ ಇನ್ಫೆಕ್ಷನ್ ಅಪರೂಪ, ಟ್ರಯಲ್‌ನಾಗ ಕಡಿಮಿ ಪೇಷಂಟ್ ಇದ್ರ ಫರಕ್ ಇದ್ರೂ ಕಣ್ಣಿಗೆ ಬೀಳೂದಿಲ್ಲ. ಈ ಎರಡೂ ಪೇಪರ್ ಬಾಜೂಕ ಇಟ್ಕೊಂಡು ಓದ್ರಿ, ನನಗ ಕೇಳಿದ್ರ ಕಲಿಯೂದು ಇಲ್ಲೇ ಐತಿ.

ಅಬ್‌ಸ್ಟ್ರ್ಯಾಕ್ಟ್ (ಪೇಪರಿನ ಮೊದಲಿಗೆ ಇರೋ ಸಾರಾಂಶ) ಒಂದ ಓದಿ ಬಿಡಬ್ಯಾಡ್ರಿ, ಸ್ಟಡಿ ಹೆಂಗ ಮಾಡ್ಯಾರ ಅಂತ ಹೇಳೋ ಮೆಥಡ್ಸ್ ಭಾಗದಾಗ ಯಾರನ್ನ ಸೇರಿಸ್ಯಾರ, ಯಾರನ್ನ ಬಿಟ್ಟಾರ ನೋಡ್ರಿ. ಬ್ಯಾಸಿಗ್ಯಾಗ ಬೆವರಿಗೆ ಡ್ರೆಸ್ಸಿಂಗ್ ಕಿತ್ತು ಬರೋ ನಮ್ಮ ವಾರ್ಡಿಗೆ ಅದು ಹೊಂದ್ತದೋ ಇಲ್ಲೋ ವಿಚಾರ ಮಾಡ್ರಿ. ಹಂಗಂತ ನೀವ ಪ್ರೋಟೋಕಾಲ್ ಬದಲಿಸಬ್ಯಾಡ್ರಿ, ಪ್ರಿಂಟ್ ತಗೊಂಡು ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಕಡೆ ಹೋಗಿ ಮಾತಾಡ್ರಿ.