ಐಸ್ ಹಾಕಿ ಹುಡುಗನ ಅಪ್ಪ ಅಮ್ಮನಿಗೆ, ಸ್ವೀಡನ್ನಿನಿಂದ

ಕಳೆದ ವಾರ ರಿಂಕಿನ ಪಕ್ಕದ ಅಂಗಡಿಯಲ್ಲಿ ನಮ್ಮವರೊಬ್ಬರು ಏಳು ವರ್ಷದ ಮಗನಿಗೆ ಸ್ಟಿಕ್ ಕೊಳ್ಳುತ್ತಿದ್ದರು. ‘ಇವನು ರೈಟ್ ಹ್ಯಾಂಡು, ರೈಟ್ ಕೊಡಿ’ ಅಂದರು. ನನಗೆ ತಡೆಯಲಾಗಲಿಲ್ಲ. ಕ್ರಿಕೆಟ್ ಬ್ಯಾಟಾಗಲಿ, ಕೊಡಗಿನ ಹಾಕಿ ಸ್ಟಿಕ್ಕಾಗಲಿ, ನಾವು ಎಡಗೈ ಮೇಲಿಟ್ಟು ಹಿಡಿದು ಬೆಳೆದವರು. ಐಸ್ ಮೇಲೆ ಆಗಾಗ ಒಂದೇ ಕೈಲಿ ಸ್ಟಿಕ್ ಹಿಡಿಯಬೇಕಾಗುತ್ತದೆ, ಅದು ಮೇಲಿನ ಕೈ. ಅದಕ್ಕೇ ಇಲ್ಲಿ ಬಲಗೈ ಮಕ್ಕಳಲ್ಲಿ ಬಹುಪಾಲು ಬಲಗೈ ಮೇಲಿಟ್ಟು ‘ಲೆಫ್ಟ್’ ಆಡುತ್ತಾರೆ, ಅಂದರೆ ಕೊಳ್ಳಬೇಕಾದ್ದು ಲೆಫ್ಟ್ ಸ್ಟಿಕ್ಕು. ಮಗನ ಕೈಗೆ ಕೋಲು ಕೊಟ್ಟು, ಬಾಯಿ ಮುಚ್ಚಿಕೊಂಡು, ಅವನು ಹೇಗೆ ಹಿಡಿಯುತ್ತಾನೆ ನೋಡಿ. ನಾನು ನೋಡದೆ ಎರಡು ಸ್ಟಿಕ್ ದಂಡ ತೆತ್ತೆ.

ಸ್ಟಿಕ್ಕಿನ ದುಡ್ಡು ಚಿಲ್ಲರೆ ಬಿಡಿ. ದೊಡ್ಡ ಹಳ್ಳ ಇರುವುದು ಮಗನ ಹದಿನೈದನೇ ವಯಸ್ಸಿನ ಹತ್ತಿರ.

ಹಾದಿ ಇಷ್ಟೇ: ಊರಿನ ಕ್ಲಬ್ಬು, ಹದಿನೈದಕ್ಕೆ ಜಿಲ್ಲಾ ತಂಡಗಳ ಟಿವಿ-ಪುಕೆನ್ ಪಂದ್ಯಾವಳಿ, ಆಮೇಲೆ ಜೂನಿಯರ್ ತಂಡಗಳಾದ ಜೆ18, ಜೆ20, ಅದೃಷ್ಟ ಇದ್ದರೆ ಎರಡನೇ ದರ್ಜೆಯ ಲೀಗ್ ಹಾಕಿ ಆಲ್‌ಸ್ವೆನ್ಸ್ಕನ್, ಅದರ ಮೇಲೆ 14 ತಂಡಗಳ ಅತ್ಯುನ್ನತ ಲೀಗ್ ಎಸ್‌ಎಚ್‌ಎಲ್. ಸೋತ ತಂಡ ಕೆಳಗಿಳಿಯುತ್ತದೆ. ಫೋರ್ಸ್‌ಬರ್ಗ್, ಸೆದಿನ್ ಅವಳಿಗಳಂಥ ದೊಡ್ಡ ಆಟಗಾರರನ್ನು ಕೊಟ್ಟ ಮೋಡೋ ಕ್ಲಬ್ಬು ಕೂಡ 2023ರಲ್ಲಿ ಮೇಲೆ ಬಂದು 2025ರಲ್ಲಿ ಮತ್ತೆ ಇಳಿಯಿತು. ಐಪಿಎಲ್‌ನಲ್ಲಿ ಎಷ್ಟು ಸೋತರೂ ಫ್ರಾಂಚೈಸಿಗೆ ಕುರ್ಚಿ ಖಾಯಂ. ನನಗೆ ಇಲ್ಲಿಯದೇ ಸರಿ ಅನಿಸುತ್ತದೆ. ಕ್ಲಬ್ಬಿನಲ್ಲಿ ಬಹುಮತದ ಹಕ್ಕು ಸದಸ್ಯರದ್ದೇ ಆಗಿರಬೇಕೆಂಬ 51 ಪ್ರತಿಶತ ನಿಯಮವೂ ಇದೆ. ಅದರ ಇನ್ನೊಂದು ಮುಖ: ಫೀಸು ಕಟ್ಟಿ ಕೈತೊಳೆದುಕೊಳ್ಳುವ ಹಾಗಿಲ್ಲ. ಶನಿವಾರ ಬೆಳಿಗ್ಗೆ ಕಿಯೋಸ್ಕಿನಲ್ಲಿ ಕಾಫಿ ಸುರಿಯುವ ಸರದಿ ನಿಮಗೂ ಬರುತ್ತದೆ, ಟಾಯ್ಲೆಟ್ ಪೇಪರಿನ ಕಟ್ಟು ಮಾರುವ ಸರದಿಯೂ.

ಒಂಬತ್ತು ವರ್ಷಕ್ಕೇ ಹಿಂದೆ ಬೀಳುತ್ತಾನೆಂದು ಬೇಸಿಗೆಯ ‘ಎಲೈಟ್’ ಕ್ಯಾಂಪುಗಳಿಗೆ ಸುರಿಯಬೇಡಿ. ಹೆಸರಾಂತ ಗೋಲ್‌ಕೀಪರ್ ಹೆನ್ರಿಕ್ ಲುಂಡ್‌ಕ್ವಿಸ್ಟ್ 2000ದಲ್ಲಿ ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಡ್ರಾಫ್ಟಿನಲ್ಲಿ (ಕ್ಲಬ್ಬುಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸುವುದು) ಏಳನೇ ಸುತ್ತಿನ 205ನೇ ಆಯ್ಕೆ. ಆಮೇಲೂ ಐದು ವರ್ಷ ಇಲ್ಲಿಯ ಫ್ರೋಲುಂಡಾ ಕ್ಲಬ್ಬಿನ ಗೋಲು ಕಾದು, 2003 ಮತ್ತು 2005ರಲ್ಲಿ ಸ್ವೀಡಿಷ್ ಚಾಂಪಿಯನ್ ಆಗಿ, ಆಮೇಲೆ ನ್ಯೂಯಾರ್ಕ್ ವಿಮಾನ ಹತ್ತಿದ. ಮರುವರ್ಷ ಟುರಿನ್ ಒಲಿಂಪಿಕ್ಸಿನಲ್ಲಿ ಚಿನ್ನ. 2021ರಲ್ಲಿ ಹೃದಯದ ತೊಂದರೆಯಿಂದ ಆಟ ನಿಲ್ಲಿಸಿದ.

ಈಗ ಹಳ್ಳದ ವಿಚಾರ. ಒಂಬತ್ತನೇ ಕ್ಲಾಸಿನಲ್ಲಿ ಹಾಕಿ ಗಿಮ್ನಾಸಿಯೆಟ್‌ಗೆ (ಒಂಬತ್ತನೇ ಕ್ಲಾಸಿನ ನಂತರದ, ನಮ್ಮ ಪಿಯುಸಿಯಂಥ ಶಾಲೆ; ಬಾಯಲ್ಲಿ ‘ಯಿಮ್ನಾಸಿಯೆಟ್’ ಅನ್ನಬೇಕು) ಎರಡು ಅರ್ಜಿ ಹಾಕಬೇಕು. ಆಟದ ಆಯ್ಕೆಗೆ ಒಂದು, ಎಲ್ಲ ಮಕ್ಕಳಂತೆ ಶಾಲಾ ಪ್ರವೇಶಕ್ಕೆ ಇನ್ನೊಂದು. ಕೋಚ್ ಹೂಂ ಅಂದರೆ ಮುಗಿಯಿತೆಂದು ನಾನು ಎರಡನೆಯದನ್ನು ಕೊನೆಯ ಸಂಜೆ ಕಳಿಸಿದೆ. ಉನ್ನತ ಶಿಕ್ಷಣದ ಕಡೆಗಿನ ಕೋರ್ಸಾದರೆ ಸ್ವೀಡಿಷ್, ಇಂಗ್ಲಿಷ್, ಗಣಿತ ಸೇರಿ 12 ವಿಷಯದಲ್ಲಿ ಪಾಸಾಗಿರಬೇಕು. ಪಕ್ (ಐಸ್ ಹಾಕಿಯ ರಬ್ಬರ್ ಬಿಲ್ಲೆ) ಎಷ್ಟು ಚೆನ್ನಾಗಿ ಹೊಡೆದರೂ ಇದಕ್ಕೆ ರಿಯಾಯಿತಿ ಇಲ್ಲ.

ಶಾಲೆಯ ಹಾಕಿ ಕೋರ್ಸಿಗೆ ರಾಷ್ಟ್ರಮಟ್ಟದ ಕ್ರೀಡಾ ಶಿಕ್ಷಣದ ಎನ್‌ಐಯು ಮಾನ್ಯತೆ ಇದೆಯೇ ಕೇಳಿ. ಇದ್ದರೆ ದೇಶದ ಯಾವ ಮುನಿಸಿಪಾಲಿಟಿಯ ಹುಡುಗನಿಗೂ ಸ್ಥಳೀಯರಷ್ಟೇ ಹಕ್ಕು. ಬರೀ ಸ್ಥಳೀಯ ಕ್ರೀಡಾ ಕೋರ್ಸಾದರೆ ಆ ಹಕ್ಕಿಲ್ಲ. ಕರಪತ್ರದಲ್ಲಿ ಎರಡಕ್ಕೂ ಒಂದೇ ಫೋಟೊ, ಒಂದೇ ನಗು.

ಮುಂದಿನದು ಬಾಡಿಗೆ. ಹದಿನಾರಕ್ಕೆ ಹುಡುಗ ಬೇರೆ ಊರಲ್ಲಿ ಒಂಟಿ ಕೋಣೆ ಮಾಡುತ್ತಾನೆ; ನಮ್ಮ ಮನೆಯಲ್ಲಿ ಅವನಮ್ಮ ಎರಡು ದಿನ ಊಟ ಬಿಟ್ಟಳು. ಮನೆ ಬಿಟ್ಟಿರುವವರಿಗೆ ವಸತಿ ಭತ್ಯೆ ಸಿಗುತ್ತದೆ. ಶಾಲೆ ಮುನಿಸಿಪಾಲಿಟಿಯದಾದರೆ ಕೊಡುವುದು ನಿಮ್ಮ ತವರು ಮುನಿಸಿಪಾಲಿಟಿ. ಖಾಸಗಿ ನಿರ್ವಹಣೆಯ ಫ್ರಿಸ್ಕೂಲಾ ಆದರೆ ವಿದ್ಯಾರ್ಥಿಗಳ ಧನಸಹಾಯದ ಸರ್ಕಾರಿ ಸಂಸ್ಥೆ ಸಿಎಸ್‌ಎನ್. ವಿದ್ಯಾರ್ಥಿ ದುಡ್ಡೆಲ್ಲ ಸಿಎಸ್‌ಎನ್‌ದೇ ಅಂದುಕೊಂಡು ನಾನು ಅಲ್ಲಿಗೆ ಹಾಕಿದೆ. ಮಗನದು ಮುನಿಸಿಪಲ್ ಶಾಲೆ. ‘ಇದು ನಮ್ಮದಲ್ಲ’ ಎಂಬ ಒಂದು ಸಾಲಿನ ಉತ್ತರ ಬರುವಷ್ಟರಲ್ಲಿ ಅಕ್ಟೋಬರ್. ಅಷ್ಟೂ ತಿಂಗಳ ಬಾಡಿಗೆ ನನ್ನ ಜೇಬಿನಿಂದ. ಮುನಿಸಿಪಾಲಿಟಿಯ ಭತ್ಯೆ ಕಾನೂನಿನಂತೆ ತಿಂಗಳಿಗೆ ಬೆಲೆ ಸೂಚಿ ಮೊತ್ತದ (ಸರ್ಕಾರ ವರ್ಷಕ್ಕೊಮ್ಮೆ ಗೊತ್ತುಮಾಡುವ ಮೊತ್ತ) ಮೂವತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇರಬಾರದು, ಅಂದರೆ ಹೆಚ್ಚುಕಮ್ಮಿ 2000 ಕ್ರೋನ. ಬಾಡಿಗೆಗೆ ಸಾಲದು, ಬಿಡುವಂಥದ್ದೂ ಅಲ್ಲ. ಪ್ರವೇಶದ ಪತ್ರ ಬಂದ ದಿನವೇ ಶಾಲೆಗೆ ಫೋನ್ ಮಾಡಿ ‘ನೀವು ಮುನಿಸಿಪಲ್ಲೋ, ಫ್ರಿಸ್ಕೂಲಾನೋ’ ಅಂತ ಬಾಯಿಬಿಟ್ಟು ಕೇಳಿ. ನಾಚಿಕೆಯೇನಿಲ್ಲ, ಇಲ್ಲಿಯವರೂ ಕೇಳುತ್ತಾರೆ.

ಮಗ ಈಗ ಜೆ18 ಮೂರನೇ ಲೈನು, ಅಂದರೆ ಸರದಿಯಲ್ಲಿ ಐಸ್‌ಗಿಳಿಯುವ ಮೂರನೇ ಗುಂಪು. ನಿನ್ನೆ ವಿಡಿಯೊ ಕಾಲಿನಲ್ಲಿ ಉಪ್ಪಿಟ್ಟು ಕೆದಕುತ್ತಿದ್ದ. ಹಿಂದೆ ಹೀಟರಿನ ಮೇಲೆ ಗ್ಲೌಸು ಒಣಗುತ್ತಿತ್ತು. ವಾಸನೆ ನನಗೆ ಇಲ್ಲಿಗೇ ಬಂತು.